ಬೆಲ್ ಆಗುವವರೆಗೂ ಮಾತಿಲ್ಲ

ಮೂವತ್ತನಾಲ್ಕು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವರು ನಿವೃತ್ತರಾದ ಮೇಲೆ ಏನು ಮಾಡಬೇಕೆಂದು ಲೋಕವೇ ಗೊತ್ತುಮಾಡಿಟ್ಟಿದೆ. ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತು ಸರ್ಕಾರಕ್ಕೆ ಹೆಸರಿಡಬೇಕು, ಮಧ್ಯಾಹ್ನ ಮನೆಗೆ ಬಂದು ಅಡುಗೆಗೆ ಹೆಸರಿಡಬೇಕು. ನಮ್ಮ ಕಂಡಕ್ಟರಿಗೆ ಸರ್ಕಾರದ ಮೇಲೆ ಅಂಥ ಸಿಟ್ಟೇನೂ ಇರಲಿಲ್ಲ. ಅಡುಗೆಗೆ ಹೆಸರಿಡೋಣವೆಂದರೆ, ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರೇ ಅವರು. ಹೀಗಾಗಿ ಅರವತ್ತೊಂದನೆಯ ವಯಸ್ಸಿನಲ್ಲಿ ಅವರು ಗಾಲ್ಫ್ ಕೋಲು ಹಿಡಿದರು.

ನಗುವವರು ನಕ್ಕರು. ಕಂಡಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. "ಹಲ್ಲಿದ್ದಾಗ ಕಡಲೆ ಇರ್ಲಿಲ್ಲ. ಈಗ ಕಡಲೆ ಸಿಕ್ಕಿದೆ, ಹಲ್ಲೂ ಇನ್ನೂ ಗಟ್ಟಿ ಇದೆ. ನಿಮಗೇನು ಕಷ್ಟ?" ಎಂದರು.

ಆಸೆ ಇವತ್ತು ನಿನ್ನೆಯದಲ್ಲ. ಅವರ ಬಸ್ಸಿನ ಕೊನೆಯ ಸ್ಟಾಪು ಇದ್ದದ್ದೇ ಗಾಲ್ಫ್ ಅಭ್ಯಾಸದ ಮೈದಾನದ ಪಕ್ಕ. ಬಸ್ಸು ಅಲ್ಲಿ ಹತ್ತು ನಿಮಿಷ ನಿಂತು ತಿರುಗುತ್ತಿತ್ತು. ಆ ಹತ್ತು ನಿಮಿಷ ಟೀ ಲೋಟ ಹಿಡಿದು ತಂತಿ ಬೇಲಿಗೆ ಮೂಗು ಒತ್ತಿ ನಿಂತರೆ, ಒಳಗೆ ಬಿಳಿಯ ಚೆಂಡುಗಳು ಒಂದರ ಹಿಂದೊಂದು ಏರಿ ದೂರದ ಹುಲ್ಲಿಗೆ ಬೀಳುವುದು ಕಾಣುತ್ತಿತ್ತು. ಮೈದಾನದ ನಡುವೆ ಕಬ್ಬಿಣದ ತಗಡಿನ ಬೋರ್ಡೊಂದು ನಿಂತಿತ್ತು, ಅದರ ಮೇಲೆ ನೂರು ಎಂದು ಬರೆದಿತ್ತು. ಯಾರದಾದರೂ ಚೆಂಡು ಅದಕ್ಕೆ ನೇರ ಬಡಿದರೆ ಠಣ್ ಎಂದು ಬೇಲಿಯಾಚೆಗೂ ಕೇಳುತ್ತಿತ್ತು. ಆ ಠಣ್ ಒಂದು ದಿನ ತಮ್ಮ ಕೈಯಿಂದ ಆಗಬೇಕೆಂದು ಕಂಡಕ್ಟರು ಯಾವಾಗಲೋ ಮನಸ್ಸಿನಲ್ಲಿ ಬರೆದುಕೊಂಡುಬಿಟ್ಟಿದ್ದರು.

ಬರೆದುಕೊಂಡಷ್ಟು ಸುಲಭವಾಗಿರಲಿಲ್ಲ. ವಾರದ ಬೇರೆ ದಿನ ಮೈದಾನ ಕ್ಲಬ್ಬಿನ ಸದಸ್ಯರಿಗೆ ಮೀಸಲು. ಹೊರಗಿನವರಿಗೆ ಶನಿವಾರ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಆ ಒಂದೂವರೆ ಗಂಟೆಗಾಗಿ ಕಂಡಕ್ಟರು ಭಾನುವಾರದಿಂದಲೇ ಕಾಯುತ್ತಿದ್ದರು. ತಗಡಿನ ಮಾಡಿನ ಕೆಳಗೆ ಸಾಲಾಗಿ ಹಾಸಿದ ಹನ್ನೆರಡು ಹಸಿರು ಮ್ಯಾಟುಗಳಲ್ಲಿ ಏಳನೆಯದು ಅವರದು. ಒಂದು ಬಕೆಟಿಗೆ ಐವತ್ತು ಚೆಂಡು. ಎರಡು ವರ್ಷದಿಂದ ಹೊಡೆಯುತ್ತಿದ್ದರು. ಬಲಗಡೆಯ ಬೇಲಿಗೆ ಹೊಡೆದರು, ಎಡಗಡೆಯ ಮರಕ್ಕೆ ಹೊಡೆದರು, ಒಮ್ಮೆ ಮಾಡಿಗೇ ಹೊಡೆದು ಎಲ್ಲರ ತಲೆಯ ಮೇಲೆ ಗುಡುಗು ತಂದರು. ನೂರರ ಬೋರ್ಡು ಮಾತ್ರ ಬಾಯಿಬಿಡಲಿಲ್ಲ.

ಹೀಗಿರುವಾಗ ಮಗಳು ಒಂದು ಸಂಜೆ ಬ್ಯಾಗು ಇಳಿಸುತ್ತಲೇ ಹೇಳಿದಳು, "ಅಪ್ಪಾ, ಈ ತಿಂಗಳಿಂದ ನಂಗೆ ಶನಿವಾರಾನೂ ಡ್ಯೂಟಿ. ಬೆಳಿಗ್ಗೆ ಇವಳನ್ನ ನೀನೇ ನೋಡ್ಕೋಬೇಕು."

ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವವಳು. ಅಳಿಯ ಸರಕು ಹಡಗಿನಲ್ಲಿ ಅಡುಗೆಯವನು, ನಾಲ್ಕು ತಿಂಗಳಿಗೊಮ್ಮೆ ಮುಖ ತೋರಿಸುವವನು. 'ಇವಳು' ಎಂದರೆ ಮೊಮ್ಮಗಳು. ಐದೂವರೆ ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಸಾಸಿವೆ ಎಂದು. ಗಾತ್ರಕ್ಕೂ ಒಪ್ಪುವ ಹೆಸರು, ಎಣ್ಣೆ ಕಾದಾಗ ಸಿಡಿಯುವ ಗುಣಕ್ಕೂ ಒಪ್ಪುವ ಹೆಸರು.

"ಅದಕ್ಕೇನು, ಜೊತೆಗೇ ಕರ್ಕೊಂಡು ಹೋಗ್ತೀನಿ. ಬೆಂಚಿನ ಮೇಲೆ ಕೂತಿರ್ತಾಳೆ," ಎಂದರು ಕಂಡಕ್ಟರು.

ಮಗಳು ಅಪ್ಪನ ಮುಖವನ್ನೇ ನೋಡಿದಳು.

ಮೊದಲ ಶನಿವಾರ ಸಾಸಿವೆ ಬೆಂಚಿನ ಮೇಲೆ ಕೂತದ್ದು ನಾಲ್ಕು ಚೆಂಡುಗಳ ಕಾಲ. ಐದನೆಯದಕ್ಕೆ ಎದ್ದಳು. ಆರನೆಯದಕ್ಕೆ ಪಕ್ಕದ ಆರನೇ ಮ್ಯಾಟಿನ ಹಿಂದೆ ಹೋಗಿ ನಿಂತಳು. ಅಲ್ಲಿ ಆಡುತ್ತಿದ್ದವರು ಹಲ್ಲಿನ ಡಾಕ್ಟರು. ಮಾತು ಕಡಿಮೆ, ಅಚ್ಚುಕಟ್ಟು ಜಾಸ್ತಿ. ಒಂದು ಚೆಂಡು ಹೊಡೆಯಲು ಅವರು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಹಲ್ಲು ಕೀಳಬಹುದಿತ್ತು. ಪಾದ ಸರಿಸುವರು, ದೂರ ನೋಡುವರು, ಚೆಂಡು ನೋಡುವರು, ಉಸಿರು ಎಳೆಯುವರು, ಮತ್ತೆ ಪಾದ ಸರಿಸುವರು. ಸಾಸಿವೆ ಇದನ್ನೆಲ್ಲ ಕುತೂಹಲದಿಂದ ನೋಡಿದಳು. ಡಾಕ್ಟರು ಕೊನೆಗೂ ಕೋಲು ಎತ್ತಿದ ಕ್ಷಣಕ್ಕೆ ಸರಿಯಾಗಿ ಕೇಳಿದಳು, "ಮಾಮ, ಚೆಂಡು ಮಲಗಿದ್ಯಾ?"

ಕೋಲು ಮ್ಯಾಟಿಗೆ ಬಡಿಯಿತು. ಚೆಂಡು ಎರಡು ಮಾರು ಉರುಳಿ ನಿಂತಿತು.

"ಪರವಾಗಿಲ್ಲ ಮಾಮ, ನಾನು ತಂದ್ಕೊಡ್ತೀನಿ," ಎಂದು ಸಾಸಿವೆ ಧೈರ್ಯ ಹೇಳಿದಳು. ಮ್ಯಾಟುಗಳ ಹಿಂದೆ ಉದ್ದಕ್ಕೂ ಎಳೆದ ಹಳದಿ ಗೆರೆಯನ್ನು ದಾಟಿದಳು, ಆರಕ್ಕೂ ಏಳಕ್ಕೂ ನಡುವೆ ನುಗ್ಗಿದಳು. ಏಳರಲ್ಲಿ ಅವಳ ತಾತ ಕೋಲನ್ನು ಹೆಗಲ ಮೇಲಕ್ಕೆ ಎತ್ತಿದ್ದರು. ಡಾಕ್ಟರು ಕೈಚಾಚಿ ಫ್ರಾಕಿನ ಬೆನ್ನು ಹಿಡಿದು ಅವಳನ್ನು ಗಾಳಿಯಲ್ಲೇ ಹಿಂದಕ್ಕೆ ಎಳೆದುಕೊಂಡರು. ಕಂಡಕ್ಟರ ಕೋಲು ಅವಳಿದ್ದ ಜಾಗದಲ್ಲಿ ಸುಯ್ ಎಂದು ಹಾದುಹೋಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಬೀಸುವವನು ತಾತನೇ ಆಗಿದ್ದರೆ ಅವನ ಆಯಸ್ಸಿನಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಕಂಡಕ್ಟರು ಕೋಲು ಕೆಳಗಿಟ್ಟು ಬೆಂಚಿನ ಮೇಲೆ ಕೂತುಬಿಟ್ಟರು.

"ಯಜಮಾನ್ರೇ, ಇದೇನು ಆಟದ ಮೈದಾನಾನಾ?" ಎಂದರು ಡಾಕ್ಟರು. ಅದು ಆಟದ ಮೈದಾನವೇ ಆಗಿತ್ತು. ಆದರೂ ಅವರು ಹೇಳಿದ್ದು ಸರಿ ಎಂದು ಇಬ್ಬರಿಗೂ ಗೊತ್ತಿತ್ತು.

"ತಪ್ಪಾಯ್ತು ಡಾಕ್ಟ್ರೇ."

"ನಾನು ಮಕ್ಕಳ ಹಲ್ಲಿನ ಡಾಕ್ಟರು. ಸೋಮವಾರದಿಂದ ಶುಕ್ರವಾರದವರೆಗೂ ಕಿವಿ ತುಂಬ ಮಕ್ಕಳ ಕಿರುಚಾಟ. ಒಬ್ಬೊಬ್ಬರು ಕಚ್ಚೂ ಕಚ್ತಾರೆ." ಅವರು ಬೆರಳು ತೋರಿಸಿದರು, ಗುರುತು ಇನ್ನೂ ಇತ್ತು. "ವಾರಕ್ಕೆ ಒಂದೂವರೆ ಗಂಟೆ ಮಗುವಿನ ಸದ್ದಿಲ್ಲದೆ ಇರೋಣ ಅಂತ ಇಲ್ಲಿಗೆ ಬರೋದು. ಅಷ್ಟೇ ನಾನು ಕೇಳೋದು."

ಅಷ್ಟನ್ನು ಕೇಳಿ ಸುಮ್ಮನಾಗಲಿಲ್ಲ, ಕೌಂಟರಿಗೆ ಹೋಗಿ ದೂರಿನ ಪುಸ್ತಕದಲ್ಲಿ ಬರೆದೂ ಬಂದರು.

ಕೌಂಟರಿನಲ್ಲಿದ್ದವರು ಮ್ಯಾನೇಜರಮ್ಮ. ಬಕೆಟ್ ಕೊಡುವವರೂ ಅವರೇ, ಹುಲ್ಲು ಕತ್ತರಿಸುವವರೂ ಅವರೇ, ಮುಂದೆ ಪಂಜರ ಕಟ್ಟಿದ ಚೆಂಡು ಬಾಚುವ ಗಾಡಿ ಓಡಿಸುವವರೂ ಅವರೇ. ಕಂಡಕ್ಟರು ಹೊರಡುವಾಗ ಕರೆದು, ಗೋಡೆಗೆ ಮುಖ ಮಾಡಿ ಒರಗಿಸಿದ್ದ ಒಂದು ಹೊಸ ಬೋರ್ಡನ್ನು ತಿರುಗಿಸಿ ತೋರಿಸಿದರು. 'ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ.'

"ಒಂದು ತಿಂಗಳಲ್ಲಿ ಇದು ಮೂರನೇ ದೂರು ಕಂಡಕ್ಟ್ರೇ. ಹೋದ ವಾರ ಯಾರದೋ ಕೂಸು ಒಂದು ಬಕೆಟ್ ಚೆಂಡನ್ನ ಚರಂಡಿಗೆ ಸುರೀತು. ಇನ್ನೊಂದು ದೂರು ಬಂದ್ರೆ ಬೋರ್ಡ್ ಹಾಕಿಬಿಡು ಅಂತ ಕ್ಲಬ್ಬಿನ ಯಜಮಾನರ ಹುಕುಂ. ನಂಗೂ ಮೊಳೆ ಹೊಡೆಯೋಕೆ ಇಷ್ಟ ಇಲ್ಲ. ಆದ್ರೆ ಪುಸ್ತಕದಲ್ಲಿ ಬಿತ್ತು ಅಂದ್ರೆ ಮುಗೀತು."

"ಒಂದು ಶನಿವಾರ ಕೊಡಿ ಮ್ಯಾನೇಜರಮ್ಮ. ಮೂವತ್ತನಾಲ್ಕು ವರ್ಷ ಎಂಬತ್ತು ಜನರನ್ನ ಒಂದು ಡಬ್ಬದಲ್ಲಿ ಹದ್ದುಬಸ್ತಿನಲ್ಲಿ ಇಟ್ಟವನು ನಾನು. ಒಂದು ಸಾಸಿವೆಕಾಳು ಯಾವ ಲೆಕ್ಕ?"

ಬೋರ್ಡು ಬಿದ್ದರೆ ಶನಿವಾರ ಹೋಯಿತು. ಶನಿವಾರ ಹೋದರೆ ಆ ಠಣ್ ಕೂಡ ಹೋಯಿತು. ಮಗಳ ಡ್ಯೂಟಿ ತಪ್ಪಿಸುವಂತಿಲ್ಲ, ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕಂಡಕ್ಟರು ಇದನ್ನೆಲ್ಲ ಮಗಳಿಗೆ ಹೇಳಿಕೊಂಡರು. "ಇವಳು ಇನ್ನೊಂದು ಸಲ ಬಾಯಿಬಿಟ್ರೆ ನನ್ನ ಆಟ ಮುಗೀತು ನೋಡು" ಎಂದರು. ಸಾಸಿವೆ ಅನ್ನ ಕಲೆಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಮಕ್ಕಳು ತಟ್ಟೆ ನೋಡುತ್ತಿದ್ದರೆ ಕಿವಿಯೂ ತಟ್ಟೆಯಲ್ಲೇ ಇದೆ ಎಂದು ದೊಡ್ಡವರು ತಿಳಿದುಕೊಳ್ಳುತ್ತಾರೆ.

ಮರುದಿನದಿಂದ ಪಾಠ ಶುರುವಾಯಿತು. ಹಜಾರದ ಕುರ್ಚಿಗಳೆಲ್ಲ ಒಂದರ ಹಿಂದೊಂದು ನಿಂತು ಬಸ್ಸಾದವು. ಕಂಡಕ್ಟರಿಗೆ ಗೊತ್ತಿದ್ದ ಕಾನೂನು ಒಂದೇ, ಅದು ಬಸ್ಸಿನ ಕಾನೂನು.

"ನೋಡು ಕಂದ, ಹಳದಿ ಗೆರೆ ಅಂದ್ರೆ ಫುಟ್‌ಬೋರ್ಡು. ಫುಟ್‌ಬೋರ್ಡ್ ಮೇಲೆ ಕಾಲಿಡಬಹುದಾ?"

"ಇಡಬಾರ್ದು."

"ಚೆಂಡಿನ ಮುಂದೆ ಕೋಲು ಹಿಡಿದು ನಿಂತಿರೋರು ಯಾರು? ಡ್ರೈವರು. ಬಸ್ ಓಡ್ತಿರುವಾಗ ಡ್ರೈವರ್ ಜೊತೆ?"

"ಮಾತಾಡಬಾರ್ದು."

"ಜಾಣೆ. ಮ್ಯಾನೇಜರಮ್ಮ ಕಬ್ಬಿಣದ ತಗಡಿಗೆ ಒಂದು ಸಲ ಠಣ್ ಅನ್ನಿಸಿದ್ರೆ?"

ಇದು ಮೈದಾನದ ಪದ್ಧತಿ. ಚೆಂಡು ಬಾಚುವ ಗಾಡಿ ಹುಲ್ಲಿಗೆ ಇಳಿಯುವ ಮುಂಚೆ ಕೌಂಟರಿನ ಪಕ್ಕ ತೂಗುಹಾಕಿದ ತಗಡಿಗೆ ಒಂದು ಏಟು. ಎಲ್ಲರೂ ಕೋಲು ಕೆಳಗಿಡಬೇಕು. ಗಾಡಿ ವಾಪಸು ಬಂದ ಮೇಲೆ ಎರಡು ಏಟು, ಆಟ ಮತ್ತೆ ಶುರು. ಬಸ್ಸಿನಲ್ಲೂ ಒಂದು ಬೆಲ್ ಎಂದರೆ ನಿಲ್ಲಿಸು, ಎರಡು ಬೆಲ್ ಎಂದರೆ ಹೊರಡು. ಯಾರೋ ಮೊದಲೇ ತಮಗಾಗಿ ಹೊಂದಿಸಿಟ್ಟ ಹಾಗಿದೆಯಲ್ಲ ಎಂದು ಕಂಡಕ್ಟರಿಗೆ ಖುಷಿಯೋ ಖುಷಿ.

"ಒಂದು ಬೆಲ್ ಆದ್ರೆ ಬಸ್ ನಿಂತಿದೆ. ಮಾತಾಡಬಹುದು," ಎಂದಳು ಸಾಸಿವೆ.

"ಬೆಲ್ ಆಗುವವರೆಗೂ?"

"ಮಾತಿಲ್ಲ."

ಪಾಠಕ್ಕೆ ಒಂದು ಕಥೆಯೂ ಇತ್ತು. ಒಂದು ಸಲ ಬಸ್ಸು ತುಂಬಿ ತುಳುಕುತ್ತಿದ್ದಾಗ ಒಬ್ಬ ಪ್ರಯಾಣಿಕ ಡ್ರೈವರ ಪಕ್ಕ ಸಿಕ್ಕಿಹಾಕಿಕೊಂಡಿದ್ದ. ಅವನ ಸ್ಟಾಪು ಬಂತು, ಹೋಯಿತು. ಅವನು ತುಟಿಪಿಟಕ್ಕೆನ್ನಲಿಲ್ಲ. ಹಾಗೇ ನಾಲ್ಕು ಸ್ಟಾಪು ಮುಂದೆ ಹೋಗಿ ಇಳಿದ. ಯಾಕಪ್ಪಾ ಎಂದು ಕೇಳಿದರೆ, 'ಮಾತಾಡಬಾರದು ಅಂತ ಬೋರ್ಡಿತ್ತಲ್ಲ ಸಾರ್' ಎಂದ.

"ಪ್ರಯಾಣಿಕ ಅಂದ್ರೆ ಅವನು," ಎಂದರು ಕಂಡಕ್ಟರು ಹೆಮ್ಮೆಯಿಂದ.

ಸಾಸಿವೆ ಯೋಚಿಸಿದಳು. "ಆಮೇಲೆ ಅವರು ಮನೆಗೆ ಹೆಂಗೆ ಹೋದ್ರು ತಾತ?"

ಕಂಡಕ್ಟರಿಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಅವರಿಗೆ ಅವತ್ತು ಹೊಳೆದಿರಲೂ ಇಲ್ಲ. "ನಡ್ಕೊಂಡು ಹೋಗಿರ್ತಾನೆ ಬಿಡು," ಎಂದು ಪಾಠ ಮುಂದುವರಿಸಿದರು.

ಗುರುವಾರದ ಹೊತ್ತಿಗೆ ಪಾಠ ಎಷ್ಟು ಇಳಿದಿತ್ತೆಂದರೆ, ಮಗಳು ತರಕಾರಿ ಹೆಚ್ಚುತ್ತಿದ್ದಾಗ ಸಾಸಿವೆ ಅರ್ಧ ಗಂಟೆ ಅಡುಗೆಮನೆಯ ಬಾಗಿಲಲ್ಲಿ ಬಾಯಿ ಬಿಗಿದುಕೊಂಡು ನಿಂತಿದ್ದಳು. ಏನೇ ಎಂದು ಕೇಳಿದರೆ, "ನೀನು ಬಸ್ ಓಡಿಸ್ತಿದ್ದೆ" ಎಂದಳು.

"ಅಪ್ಪಾ, ಏನು ಮಾಡ್ದೆ ನನ್ನ ಮಗೀಗೆ?"

"ಶಿಸ್ತು ಕಣಮ್ಮ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಬಗ್ಸು, ಮುರೀಬೇಡ. ಅವಳ ಹಲ್ಲು ಬೇರೆ ಅಲ್ಲಾಡ್ತಿದೆ, ಇವತ್ತೋ ನಾಳೆಯೋ ಅನ್ನೋ ಹಾಗಿದೆ. ರಕ್ತ ಅಂದ್ರೆ ಅವಳಿಗೆ ಆಗೋದೇ ಇಲ್ಲ, ಗೊತ್ತಲ್ಲ."

ಊರಿನ ರಕ್ತವನ್ನೆಲ್ಲ ಸೀಸೆಗೆ ತುಂಬುವವಳ ಮಗಳು ಮೊಣಕಾಲು ತರಚಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಅದು ಕಂಡಕ್ಟರಿಗೆ ಗೊತ್ತಿತ್ತು.

ಎರಡನೆಯ ಶನಿವಾರ ಬಂತು. ಕಂಡಕ್ಟರು ಸಾಸಿವೆಯನ್ನು ಹಳದಿ ಗೆರೆಯ ಹಿಂದಿನ ಬೆಂಚಿನ ಮೇಲೆ ಕೂರಿಸಿ, ಕೈಗೆ ಒಂದು ರಟ್ಟಿನ ಚೀಟಿ, ಒಂದು ಪೆನ್ಸಿಲು ಕೊಟ್ಟರು. ತಾತ ಹೊಡೆದ ಪ್ರತಿ ಚೆಂಡಿಗೂ ಒಂದು ಗೀಟು. ಸುಮ್ಮನೆ ಕೂತವರಿಗೆ ಒಂದು ಕೆಲಸವಿರಬೇಕೆಂಬುದು ಅವರ ಅನುಭವ. ಡಾಕ್ಟರು ಆರನೇ ಮ್ಯಾಟಿಗೆ ಬಂದವರು ಬೆಂಚಿನ ಕಡೆ ಅನುಮಾನದಿಂದ ಕಣ್ಣು ಹಾಯಿಸಿದರು. ಸಾಸಿವೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಡಾಕ್ಟರು ತಲೆಯಾಡಿಸಿ ತಮ್ಮ ಪಾದ ಸರಿಸಲು ತೊಡಗಿದರು.

ಮೊದಲ ಹತ್ತು ಚೆಂಡಿನವರೆಗೆ ಕಂಡಕ್ಟರು ಒಂದೊಂದು ಹೊಡೆತಕ್ಕೂ ಹಿಂದೆ ತಿರುಗಿ ನೋಡಿದರು. ಮಗು ಗೀಟು ಹಾಕುತ್ತಿತ್ತು. ಹನ್ನೊಂದು, ಹನ್ನೆರಡಕ್ಕೆ ಅರ್ಧ ತಿರುಗಿದರು. ಆಮೇಲೆ ಮರೆತರು. ಮರೆಯದೆ ಏನು ಮಾಡಿಯಾರು, ಅವತ್ತು ಕೈ ಅಷ್ಟು ಚೆನ್ನಾಗಿ ಕೂತಿತ್ತು. ಚೆಂಡು ಬೇಲಿಗೆ ಹೋಗುತ್ತಿರಲಿಲ್ಲ, ಮರಕ್ಕೆ ಹೋಗುತ್ತಿರಲಿಲ್ಲ. ಒಂದು ಬೋರ್ಡಿನ ಎಡಕ್ಕೆ ಬಿತ್ತು, ಒಂದು ಬಲಕ್ಕೆ ಬಿತ್ತು, ಒಂದು ತಲೆಯ ಮೇಲೇ ಹಾರಿತು. ಹಿಂದಿನಿಂದ ಒಂದು ಸದ್ದಿಲ್ಲ. ಸದ್ದಿಲ್ಲದ ಮಗುವನ್ನು ದೇವರಂಥ ಮಗು ಎಂದು ಹೊಗಳಿ ಮರೆತುಬಿಡುವುದು ಎಲ್ಲ ದೊಡ್ಡವರ ಚಾಳಿ, ಕಂಡಕ್ಟರು ಅದಕ್ಕೆ ಹೊರತಾಗಿರಲಿಲ್ಲ. ಪ್ರತಿ ಸ್ಟಾಪಿಗೂ ತಲೆ ಎಣಿಸುತ್ತಿದ್ದ ಮನುಷ್ಯ, ಇದ್ದ ಒಂದೇ ತಲೆಯನ್ನು ಎಣಿಸಲಿಲ್ಲ.

ಅವತ್ತು ಇನ್ನೊಂದು ಎಡವಟ್ಟಾಗಿತ್ತು. ಅರ್ಧ ಗಂಟೆಗೊಮ್ಮೆ ಇಳಿಯಬೇಕಿದ್ದ ಚೆಂಡು ಬಾಚುವ ಗಾಡಿ ಸ್ಟಾರ್ಟೇ ಆಗಲಿಲ್ಲ. ಮ್ಯಾನೇಜರಮ್ಮ ಶೆಡ್ಡಿನಲ್ಲಿ ಅದರ ಹೊಟ್ಟೆಯೊಳಗೆ ಕೈಹಾಕಿ ಕೂತಿದ್ದರು. ಹಾಗಾಗಿ ಎಂಟೂವರೆಗೆ ಆಗಬೇಕಿದ್ದ ಬೆಲ್ ಆಗಲಿಲ್ಲ. ಒಂಬತ್ತಕ್ಕೂ ಆಗಲಿಲ್ಲ.

ಕಂಡಕ್ಟರು ಇನ್ನೊಂದು ಚೆಂಡು ಇಟ್ಟರು. ಕೋಲು ಎತ್ತಿದರು, ಬೀಸಿದರು. ಕೈಗೆ ಏನೂ ತಾಗಿದಂತೆ ಅನ್ನಿಸಲಿಲ್ಲ, ಅಷ್ಟು ಹಗುರವಾಗಿ ಚೆಂಡು ಎದ್ದು ಹೋಯಿತು. ಹೋಯಿತು, ಹೋಯಿತು, ಇಳಿಯಿತು.

ಠಣ್.

ಕಂಡಕ್ಟರು ಬಾಯಿ ತೆರೆದು ನಿಂತರು. ಅವರ ಬಾಯಿಂದ ಮಾತು ಹೊರಡುವ ಮುಂಚೆ ಹಿಂದಿನಿಂದ ಒಂದು ದನಿ ಎದ್ದಿತು.

"ತಾತಾ!"

ಪಕ್ಕದಲ್ಲಿ ಡಾಕ್ಟರು ಆಗತಾನೇ ಉಸಿರು ಎಳೆದು ಕೋಲು ಎತ್ತಿದ್ದರು. ಕೋಲು ಮ್ಯಾಟಿಗೆ ಬಡಿದು ಕೈಯಿಂದ ಜಾರಿತು. ಹೋಯಿತು, ಎಲ್ಲ ಹೋಯಿತು ಎಂದುಕೊಂಡೇ ಕಂಡಕ್ಟರು ಹಿಂದೆ ತಿರುಗಿದರು. ಡಾಕ್ಟರೂ ಹುಬ್ಬು ಗಂಟಿಕ್ಕಿ ತಿರುಗಿದರು.

ಸಾಸಿವೆ ಬೆಂಚಿನಿಂದ ಎದ್ದು ನಿಂತಿದ್ದಳು. ಎರಡು ಪಾದಗಳ ಹೆಬ್ಬೆರಳೂ ಹಳದಿ ಗೆರೆಗೆ ಕೂದಲೆಳೆಯಷ್ಟು ಹಿಂದೆ. ಗಲ್ಲದ ಮೇಲೆ ರಕ್ತ ಒಣಗಿತ್ತು. ಫ್ರಾಕಿನ ಎದೆಯ ಮೇಲೂ ಕಲೆ. ಬಲಗೈಯಲ್ಲಿ ಪೆನ್ಸಿಲು, ಎಡಗೈ ಮುಷ್ಟಿ ಬಿಗಿದಿತ್ತು.

"ಬೆಲ್ ಆಯ್ತು ತಾತ. ನನ್ನ ಹಲ್ಲು ಬಿತ್ತು," ಎಂದಳು. ಹೇಳಿ ಮುಗಿಸಿದ ಮೇಲೆ, ಇನ್ನು ಅಪ್ಪಣೆ ಇದೆಯಲ್ಲ ಎಂಬಂತೆ, ಅಳತೊಡಗಿದಳು. ಅಳುವುದಕ್ಕೂ ಬೆಲ್ಲಿಗೆ ಕಾದಿದ್ದಳು.

ಕಂಡಕ್ಟರಿಗಿಂತ ಮೊದಲು ಡಾಕ್ಟರು ಅವಳ ಮುಂದೆ ಮಂಡಿಯೂರಿದರು. ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ಗಲ್ಲ ಒರೆಸಿದರು. "ಎಲ್ಲಿ, ಆ ಅನ್ನು ಪುಟ್ಟಾ. ಬಹಳ ಚೆನ್ನಾಗಿ ಬಿದ್ದಿದೆ. ನಾನು ಕಿತ್ತಿದ್ರೂ ಇಷ್ಟು ನೀಟಾಗಿ ಬರ್ತಿರ್ಲಿಲ್ಲ. ಕೆಳಗೆ ಹೊಸದು ಆಗಲೇ ಇಣುಕ್ತಿದೆ ನೋಡು." ಅವರ ದನಿ ಬೇರೆಯೇ ಆಗಿತ್ತು. "ಯಾವಾಗ ಬಿತ್ತು?"

ಸಾಸಿವೆ ಬಿಕ್ಕುತ್ತಲೇ ಬೆಂಚಿನ ಮೇಲಿದ್ದ ರಟ್ಟಿನ ಚೀಟಿ ತೆಗೆದು ಕೊಟ್ಟಳು.

ಚೀಟಿಯಲ್ಲಿ ಗೀಟುಗಳು ಸಾಲಾಗಿದ್ದವು. ಹದಿನೆಂಟು ಗೀಟು ಕಪ್ಪಗೆ, ನೆಟ್ಟಗೆ ಇದ್ದವು. ಹತ್ತೊಂಬತ್ತನೆಯದರ ಮೇಲೆ ಒಂದು ಪುಟ್ಟ ಕೆಂಪು ಬೆರಳಚ್ಚು ಇತ್ತು. ಅಲ್ಲಿಂದ ಮುಂದಿನ ಗೀಟುಗಳು ಸ್ವಲ್ಪ ಸೊಟ್ಟ, ಅಂಚಿನಲ್ಲಿ ಸ್ವಲ್ಪ ಕೆಂಪು. ಆದರೆ ಒಂದೂ ತಪ್ಪಿರಲಿಲ್ಲ. ಕಂಡಕ್ಟರು ಎಣಿಸಿದರು. ಹತ್ತೊಂಬತ್ತರ ಆಚೆಗೆ ಇಪ್ಪತ್ತೆರಡು ಗೀಟುಗಳಿದ್ದವು. ಇಪ್ಪತ್ತೆರಡು ಸಲ ಅವರು ಚೆಂಡು ಇಟ್ಟು, ಎತ್ತಿ, ಬೀಸಿ, ಹಿಗ್ಗಿದ್ದರು. ಇಪ್ಪತ್ತೆರಡು ಸಲವೂ ಅವರ ಬೆನ್ನ ಹಿಂದೆ ಈ ಮಗು ರಕ್ತ ನುಂಗಿಕೊಂಡು ಗೀಟು ಎಳೆದಿತ್ತು.

ಅವರು ಡಾಕ್ಟರ ಪಕ್ಕದಲ್ಲೇ ನೆಲಕ್ಕೆ ಕೂತರು. "ಯಾಕೆ ಕೂಗ್ಲಿಲ್ಲ ಕಂದ?"

"ನೀನು ಬಸ್ ಓಡಿಸ್ತಿದ್ದೆ. ನೀನು ನಿಲ್ಲಿಸಿದಾಗ ಮಾಮ ಓಡಿಸ್ತಿದ್ರು." ಅವಳು ಮೂಗು ಎಳೆದುಕೊಂಡಳು. "ನಾನು ಬಾಯಿಬಿಟ್ರೆ ನಿನ್ನ ಆಟ ಮುಗೀತು ಅಂತ ಅಮ್ಮಂಗೆ ಹೇಳ್ದೆಯಲ್ಲ. ಅದಕ್ಕೇ ನಾಲ್ಕು ಸ್ಟಾಪಿನ ಮಾಮನ ಥರ ಕೂತಿದ್ದೆ."

ಕಂಡಕ್ಟರು ಅವಳನ್ನು ಎತ್ತಿಕೊಂಡು ಹೆಗಲಿಗೆ ಒರಗಿಸಿಕೊಂಡರು. ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದ ಆ ಪ್ರಯಾಣಿಕ ಅವತ್ತು ನಾಲ್ಕು ಸ್ಟಾಪು ದೂರ ಹೇಗೆ ಮನೆಗೆ ಹೋಗಿರಬಹುದೆಂದು ನೆನೆದು ಮೊದಲ ಸಲ ಅವರಿಗೆ ಕೆಡುಕೆನಿಸಿತು.

ಅಷ್ಟರಲ್ಲಿ ಮ್ಯಾನೇಜರಮ್ಮ ಗ್ರೀಸು ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತಾ ಓಡಿಬಂದರು. "ಯಾರು ಬೆಲ್ ಹೊಡೆದದ್ದು? ನಾನಂತೂ ಹೊಡೆದಿಲ್ಲ."

ಯಾರೂ ಹೊಡೆದಿರಲಿಲ್ಲ. ಎಲ್ಲರೂ ಮೈದಾನದ ಕಡೆ ನೋಡಿದರು. ನೂರರ ಬೋರ್ಡು ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು.

"ಕಂಡಕ್ಟ್ರೇ, ಅದು ನಿಮ್ಮ ಚೆಂಡು," ಎಂದರು ಡಾಕ್ಟರು.

"ಹೌದಾ," ಎಂದರು ಕಂಡಕ್ಟರು. ಬೇಲಿಗೆ ಮೂಗು ಒತ್ತಿ ಕನಸು ಕಂಡ ವರ್ಷಗಳೆಷ್ಟೋ. ಆ ಕ್ಷಣಕ್ಕೆ ಅದು ಯಾರದೋ ಬೋರ್ಡು, ಯಾರದೋ ಚೆಂಡು ಅನ್ನಿಸಿತು. ಒಂದು ಮಾತ್ರ ಸಮಾಧಾನ. ಆ ಚೆಂಡು ಬೋರ್ಡಿಗೆ ಬಡಿಯದೆ ಇದ್ದಿದ್ದರೆ ಮಗು ಇನ್ನೂ ಒಂಬತ್ತು ಗೀಟು ಕಾಯುತ್ತಿತ್ತು.

ಡಾಕ್ಟರು ಎದ್ದು ಮಂಡಿಯ ಧೂಳು ಕೊಡವಿದರು. "ಮ್ಯಾನೇಜರಮ್ಮ, ದೂರಿನ ಪುಸ್ತಕ ಕೊಡಿ."

ಕಂಡಕ್ಟರು ಎದುರಾಡಲಿಲ್ಲ. ಮಗು ಮಾತು ಆಡಿದ್ದು ನಿಜ, ಅದೂ ಕೋಲು ಎತ್ತಿದಾಗಲೇ ಆಡಿದ್ದು ನಿಜ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಮಗುವನ್ನು ಇಳಿಸಿ, ಉಳಿದ ಚೆಂಡುಗಳನ್ನು ಬಕೆಟ್ಟಿನಲ್ಲಿ ಹಾಗೇ ಬಿಟ್ಟು, ಕೋಲನ್ನು ಚೀಲಕ್ಕೆ ತುರುಕಿದರು. ಡಾಕ್ಟರು ಕೌಂಟರಿನಲ್ಲಿ ನಿಂತು ಬರೆದರು. ಚೆಂಡು ಹೊಡೆಯುವಷ್ಟೇ ಹೊತ್ತು ತೆಗೆದುಕೊಂಡು ಬರೆದರು. ಬರೆದು ಪುಸ್ತಕವನ್ನು ತಿರುಗಿಸಿ ಮುಂದಕ್ಕೆ ತಳ್ಳಿದರು. ಮ್ಯಾನೇಜರಮ್ಮ ಕಣ್ಣು ಕಿರಿದು ಮಾಡಿದರು.

"ಡಾಕ್ಟ್ರೇ, ಇದು ಔಷಧಿ ಚೀಟಿ ಇದ್ದ ಹಾಗಿದೆ. ನೀವೇ ಓದಿ."

ಡಾಕ್ಟರು ಗಂಟಲು ಸರಿಮಾಡಿಕೊಂಡು ಓದಿದರು. "ಏಳನೇ ಮ್ಯಾಟಿನವರ ಮೇಲೆ ದೂರು. ಮಗುವನ್ನು ಕರೆತಂದು ಇಪ್ಪತ್ತೆರಡು ಚೆಂಡಿನ ಕಾಲ ಹಿಂದೆ ತಿರುಗಿ ನೋಡಿಲ್ಲ. ಆರನೇ ಮ್ಯಾಟಿನವನ ಮೇಲೂ ದೂರು. ಅವನು ಮಕ್ಕಳ ಹಲ್ಲಿನ ಡಾಕ್ಟರನೆಂದು ಹೇಳಿಕೊಳ್ಳುತ್ತಾನೆ. ಎರಡು ಮಾರು ದೂರದಲ್ಲಿ ಹಲ್ಲು ಬಿದ್ದರೂ ಅವನಿಗೆ ಗೊತ್ತಾಗಿಲ್ಲ. ಮಗುವಿನ ಮೇಲೆ ಯಾವ ದೂರೂ ಇಲ್ಲ. ಇಂದು ಇಲ್ಲಿ ನಿಯಮ ಪಾಲಿಸಿದ್ದು ಅದೊಂದೇ."

ಕಂಡಕ್ಟರು ಮೆಲ್ಲಗೆ ಕೇಳಿದರು, "ಹಾಗಾದ್ರೆ ಬೋರ್ಡು?"

ಮ್ಯಾನೇಜರಮ್ಮ ಗೋಡೆಯ ಕಡೆ ನಡೆದರು. "ಇನ್ನೊಂದು ದೂರು ಬಂದ್ರೆ ಬೋರ್ಡ್ ಹಾಕಬೇಕು ಅಂತ ಯಜಮಾನರು ಹೇಳಿದ್ದಾರೆ. ದೂರು ಬಂದಿದೆ. ಬೋರ್ಡ್ ಹಾಕ್ತೀನಿ." ಬೋರ್ಡನ್ನು ಎತ್ತಿ ತಂದು ಕೌಂಟರಿನ ಮೇಲೆ ಮಲಗಿಸಿದರು. ಬರಹ ಕೆಳಗಾಗಿತ್ತು, ಖಾಲಿ ಬೆನ್ನು ಮೇಲಾಗಿತ್ತು. "ಯಾವ ಮಗ್ಗುಲು ಅಂತ ಅವರು ಹೇಳಿಲ್ಲ."

ಶೆಡ್ಡಿನಿಂದ ಕಪ್ಪು ಬಣ್ಣ, ಕುಂಚ ಬಂತು. ಡಾಕ್ಟರ ಅಕ್ಷರ ಬೇಡವೆಂದು ಎಲ್ಲರೂ ಒಪ್ಪಿದ್ದರಿಂದ ಕುಂಚ ಕಂಡಕ್ಟರ ಕೈಗೆ ಬಂತು. ಮೂವತ್ತನಾಲ್ಕು ವರ್ಷ ಓಡುವ ಬಸ್ಸಿನಲ್ಲಿ ಬರೆದ ಕೈ, ನಿಂತ ನೆಲದ ಮೇಲೆ ಮುತ್ತಿನಂತೆ ಬರೆಯಿತು. ಮಕ್ಕಳು ಹಳದಿ ಗೆರೆ ದಾಟಬಾರದು ಎಂದು ಬರೆದರು. ಕೋಲು ಎತ್ತಿದವರ ಹತ್ತಿರ ಮಾತು ಬೇಡ ಎಂದೂ ಬರೆದರು. ಆ ಎರಡೂ ಸರಿಯಾದ ನಿಯಮಗಳೇ. ಆಮೇಲೆ ದೊಡ್ಡವರ ಪಾಲು ಬಂತು. ಮಗುವನ್ನು ಕರೆತಂದವರು ಐದು ಚೆಂಡಿಗೊಮ್ಮೆ ಹಿಂದೆ ತಿರುಗಿ ನೋಡತಕ್ಕದ್ದು. ಪಕ್ಕದವರೂ ನೋಡತಕ್ಕದ್ದು. ಚೆಂಡು ಮಲಗಿದೆಯೇ ಎಂದು ಮಗು ಕೇಳಿದರೆ ಬೆಲ್ ಆದ ಮೇಲೆ ಉತ್ತರ ಕೊಡತಕ್ಕದ್ದು. ಇದನ್ನು ಹೇಳಿ ಬರೆಸಿದವರು ಡಾಕ್ಟರು.

"ಇನ್ನೊಂದು ಬರೀರಿ," ಎಂದರು ಮ್ಯಾನೇಜರಮ್ಮ. "ಹಲ್ಲು ಬಿದ್ರೆ ಏನು ಮಾಡಬೇಕು ಅಂತ."

ಕಂಡಕ್ಟರು ಬರೆದರು. 'ಹಲ್ಲು ಬಿದ್ದರೆ ಕೂಗಬಹುದು.' ಸ್ವಲ್ಪ ಯೋಚಿಸಿ, ಜಾಗ ಸಾಲದಿದ್ದರೂ ಅಂಚಿನಲ್ಲಿ ಚಿಕ್ಕದಾಗಿ ಸೇರಿಸಿದರು. 'ಬೀಳದಿದ್ದರೂ, ಭಯವಾದರೆ ಕೂಗಬಹುದು.'

ಸಾಸಿವೆಯ ಅಳು ನಿಂತಿತ್ತು. ಅವಳು ಬೋರ್ಡಿನ ಕಡೆ ನೋಡುತ್ತಾ, ಹೊಸ ಸಂದಿಯೊಳಗೆ ನಾಲಿಗೆ ತೂರಿಸಿ ಪರೀಕ್ಷೆ ಮಾಡುತ್ತಿದ್ದಳು. ಡಾಕ್ಟರು ಅವಳ ಮುಷ್ಟಿಯಲ್ಲಿದ್ದ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. "ಮುಂದಿನ ಶನಿವಾರ ಬರ್ತೀಯಲ್ಲ? ನನ್ನ ಚೆಂಡಿಗೂ ಗೀಟು ಹಾಕೋರು ಬೇಕು."

"ನಿಮ್ಮದು ಕಷ್ಟ ಇಲ್ಲ ಮಾಮ," ಎಂದಳು ಸಾಸಿವೆ. "ನೀವು ಇವತ್ತು ಹೊಡೆದಿದ್ದೇ ಹದಿನೈದು."

ಮ್ಯಾನೇಜರಮ್ಮ ನಕ್ಕರು, ಆಮೇಲೆ ಡಾಕ್ಟರೂ ನಕ್ಕರು.

ಮನೆಗೆ ಹೋಗುವ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ತಾತ, ಮೊಮ್ಮಗಳು ಕಿಟಕಿಯ ಪಕ್ಕ ಕೂತರು. ಡ್ರೈವರ ತಲೆಯ ಮೇಲೆ, ಅವರ ಜೊತೆ ಮಾತಾಡಬಾರದೆಂಬ ಅದೇ ಹಳೆಯ ಬರಹವಿತ್ತು. ಸಾಸಿವೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎರಡು ಸ್ಟಾಪು ಕಳೆದ ಮೇಲೆ ಕಂಡಕ್ಟರ ಅಂಗಿಯ ತೋಳು ಎಳೆದು, ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

"ತಾತ, ನೀನು ಬಸ್ ಓಡಿಸ್ತಿದ್ರೂ ನಾನು ಕರೀಬಹುದಾ?"

"ಕರಿ ಕಂದ," ಎಂದರು ಕಂಡಕ್ಟರು. "ಬೆಲ್ ಆಗ್ದೇ ಇದ್ರೂ ಕರಿ. ನಡುರಸ್ತೆಯಲ್ಲೇ ನಿಲ್ಲಿಸ್ತೀನಿ."